ವಾಹನ ವಿಚಾರ: ಹೆಡ್‌ಲೈಟ್ ಒಳಗೆ ಮಂಜು, ನೀರು

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೆಡ್‌ಲೈಟ್ ಒಳಗೆ ಕಟ್ಟುವ ಮಂಜು ಮತ್ತು ನಿಲ್ಲುವ ನೀರಿನ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾರು ಕೊಂಡು ನಾಲ್ಕು ತಿಂಗಳಾಗಿದೆ. ಎಲ್‌ಇಡಿ ಹೆಡ್‌ಲೈಟ್. ಬೆಳಿಗ್ಗೆ ನೋಡಿದರೆ ಎರಡೂ ಲೈಟಿನ ಗಾಜಿನ ಒಳಮೈಯಲ್ಲಿ ತೆಳ್ಳಗೆ ಮಂಜು ಕಟ್ಟಿರುತ್ತದೆ. ಸರ್ವಿಸ್ ಸೆಂಟರಿನವರು ಮಾಮೂಲು ಎನ್ನುತ್ತಾರೆ. ವಾರಂಟಿ ಇರುವಾಗಲೇ ಬದಲಿಸಿಕೊಡಿ ಎಂದು ಪಟ್ಟು ಹಿಡಿಯಬೇಕೇ?
— ಓದುಗರು, ಮಡಿಕೇರಿ

ನೀವು ಬರೆದಿರುವಂತೆ ಎರಡೂ ಕಡೆ ಒಂದೇ ರೀತಿ, ತೆಳ್ಳಗೆ ಕಟ್ಟುತ್ತಿದ್ದರೆ ಸರ್ವಿಸ್ ಸೆಂಟರಿನವರ ಮಾತು ಬಹುಮಟ್ಟಿಗೆ ಸರಿ. ಈಗಿನ ಯಾವ ಹೆಡ್‌ಲೈಟೂ ಗಾಳಿಯಾಡದಂತೆ ಮುಚ್ಚಿದ ಡಬ್ಬಿಯಲ್ಲ. ದೀಪ ಉರಿದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗಬೇಕು, ಆರಿದಾಗ ಹೊರಗಿನ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಹಿಂಬದಿಯಲ್ಲಿ ವೆಂಟ್‌ಗಳಿರುತ್ತವೆ. 25 ಡಿಗ್ರಿಯಲ್ಲಿದ್ದ ಗಾಳಿ 60 ಡಿಗ್ರಿಗೆ ಕಾದರೆ ಶೇ 12ರಷ್ಟು ಹಿಗ್ಗುತ್ತದೆ. ಒಳಗೆ 5 ಲೀಟರ್ ಜಾಗವಿರುವ ಲೈಟ್, ಒಂದು ಸಲ ಉರಿದು ಆರಿದರೆ ಅರ್ಧ ಲೀಟರಿಗಿಂತ ಹೆಚ್ಚು ಹೊಸ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಆ ಗಾಳಿ ತೇವದಿಂದ ತುಂಬಿರುತ್ತದೆ. ರಾತ್ರಿ ಲೆನ್ಸ್ (ನೀವು ಗಾಜು ಎಂದಿರುವ ಮುಂಭಾಗದ ಪಾರದರ್ಶಕ ಮುಚ್ಚಳ) ತಣ್ಣಗಾದಾಗ ಆ ತೇವ ಅದರ ಒಳಮೈಗೆ ಕೂರುತ್ತದೆ.

ಇಲ್ಲಿ ಒಂದು ಲೆಕ್ಕ ನಿಮಗೆ ಉಪಯೋಗಕ್ಕೆ ಬರುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು 30 ಗ್ರಾಂ. ಅಂದರೆ 5 ಲೀಟರ್ ಗಾಳಿಯಲ್ಲಿ ಇರಬಹುದಾದ ಒಟ್ಟು ನೀರು 0.15 ಗ್ರಾಂ, ಎಣಿಸಿದರೆ ಮೂರು ಹನಿ. ಗಾಳಿಯಿಂದ ಬಂದ ತೇವ ತೆಳುವಾದ ಮಬ್ಬು ಮಾಡಬಲ್ಲದೇ ಹೊರತು, ಲೆನ್ಸ್ ಮೇಲೆ ಧಾರೆಯಾಗಿ ಇಳಿಯಲಾರದು, ತಳದಲ್ಲಿ ನಿಲ್ಲಲಾರದು. ನಿಂತ ನೀರು ಕಂಡರೆ ಅದು ನೀರಾಗಿಯೇ ಒಳಗೆ ಬಂದಿದೆ ಎಂದು ತಿಳಿಯಿರಿ.

ಪರೀಕ್ಷೆ ಹೀಗೆ ಮಾಡಿ. ಮಂಜು ಕಟ್ಟಿರುವ ಬೆಳಿಗ್ಗೆ ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ಲೋ ಬೀಮ್ ಹಾಕಿ ಒಂದು ಗಂಟೆ ಕಾರು ಓಡಿಸಿ, ಮತ್ತೊಂದು ಫೋಟೊ ತೆಗೆಯಿರಿ. ಮಬ್ಬು ವೆಂಟ್ ಇರುವ ಕಡೆಯಿಂದ ಕರಗುತ್ತಾ ಬಂದಿದ್ದರೆ ಚಿಂತೆ ಬೇಡ. ಎಲ್‌ಇಡಿ ಲೈಟಿನಲ್ಲಿ ಇದು ಹ್ಯಾಲೊಜನ್‌ಗಿಂತ ನಿಧಾನ. ಹ್ಯಾಲೊಜನ್ ಬಲ್ಬ್ ತನ್ನ 55 ವಾಟ್‌ನಲ್ಲಿ ಬಹುಪಾಲನ್ನು ಶಾಖವಾಗಿ ಮುಂದಕ್ಕೆ ಚೆಲ್ಲಿ ಲೆನ್ಸನ್ನು ಬಿಸಿಮಾಡುತ್ತದೆ. ಎಲ್‌ಇಡಿಯ ಶಾಖ ಶಾಖ ಹೀರಿಕೊಳ್ಳಲು ಹಿಂಬದಿಯಲ್ಲಿಟ್ಟ ಲೋಹದ ಹೀಟ್ ಸಿಂಕ್‌ಗೆ ಹೋಗುತ್ತದೆ, ಲೆನ್ಸ್ ತಣ್ಣಗೇ ಉಳಿಯುತ್ತದೆ. ಹಾಗಾಗಿ ಅಂಚಿನಲ್ಲಿ ಸ್ವಲ್ಪ ಮಬ್ಬು ಉಳಿದರೂ ಅದೊಂದೇ ದೋಷದ ಗುರುತಲ್ಲ.

ಪಟ್ಟು ಹಿಡಿಯಬೇಕಾದದ್ದು ಇಂಥ ಸಂದರ್ಭಗಳಲ್ಲಿ: ಒಂದು ಬದಿಯ ಲೈಟ್ ಮಾತ್ರ ಮಂಜಾಗುತ್ತಿದೆ, ಹನಿಗಳು ದಪ್ಪಗಿದ್ದು ಕೆಳಗೆ ಜಾರುತ್ತಿವೆ, ಎರಡು ಮೂರು ದಿನ ಬಿಸಿಲು ಬಂದರೂ ಒಣಗುತ್ತಿಲ್ಲ, ಅಥವಾ ತಳದಲ್ಲಿ ನೀರಿನ ಗೆರೆ ಕಾಣುತ್ತಿದೆ. ಆಗ ಫೋಟೊಗಳನ್ನು ತೋರಿಸಿ, ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಬಾಯಿಮಾತಿನ ದೂರಿಗೆ ವಾರಂಟಿ ಮುಗಿದ ಮೇಲೆ ಬೆಲೆಯಿಲ್ಲ. ಅಲ್ಲಿಯವರೆಗೆ ಹೊರಗಿನ ಗ್ಯಾರೇಜಿನಲ್ಲಿ ಲೈಟ್ ಬಿಚ್ಚಿಸಬೇಡಿ. ಲೆನ್ಸ್ ಕಿತ್ತ ಗುರುತು ಕಂಡರೆ ವಾರಂಟಿ ಸಿಗುವುದಿಲ್ಲ.

ಪ್ರಶ್ನೆ: ಹತ್ತು ವರ್ಷದ ಹ್ಯಾಚ್‌ಬ್ಯಾಕ್, ಎಚ್4 ಬಲ್ಬ್ (ಹೈ, ಲೋ ಎರಡೂ ಬೀಮ್ ಒಂದರಲ್ಲೇ ಇರುವ ಹ್ಯಾಲೊಜನ್). ಬಲಗಡೆಯ ಹೆಡ್‌ಲೈಟಿನಲ್ಲಿ ಮಾತ್ರ ಅರ್ಧ ಬೆರಳು ನೀರು ನಿಂತಿದೆ. ಹೇರ್ ಡ್ರೈಯರ್‌ನಿಂದ ಒಣಗಿಸಿದರೆ ಮುಂದಿನ ಮಳೆಗೆ ಮತ್ತೆ ತುಂಬುತ್ತದೆ. ಇಡೀ ಅಸೆಂಬ್ಲಿ ಬದಲಿಸಿ ಅನ್ನುತ್ತಾರೆ ಮೆಕ್ಯಾನಿಕ್. ನೀರು ಎಲ್ಲಿಂದ ಬರುತ್ತಿದೆ ಎಂದು ನಾವೇ ಕಂಡುಹಿಡಿಯಬಹುದೇ?
— ಓದುಗರು, ಕುಂದಾಪುರ

ಕಂಡುಹಿಡಿಯಬಹುದು. ಒಣಗಿಸುವ ಕೆಲಸ ಕೊನೆಗಿರಲಿ, ಮೊದಲು ದಾರಿ ಹುಡುಕಿ. ಅಗ್ಗದ ಕಾರಣದಿಂದ ದುಬಾರಿ ಕಾರಣದ ಕಡೆಗೆ ಹೋಗಿ.

ಮೊದಲು ಹಿಂಬದಿಯ ರಬ್ಬರ್ ಬೂಟ್, ಅಂದರೆ ಬಲ್ಬಿನ ಹಿಂದೆ ಕೂರುವ ಮುಚ್ಚಳ. ಎಚ್4 ಲೈಟಿನಲ್ಲಿ ಅತಿ ಹೆಚ್ಚು ನೀರು ಬರುವುದು ಇಲ್ಲಿಂದಲೇ. ಬಲ್ಬ್ ಬದಲಿಸಿದವರು ಬೂಟನ್ನು ಸುತ್ತಲೂ ಒತ್ತಿ ಕೂರಿಸಿರುವುದಿಲ್ಲ, ಇಲ್ಲವೇ ತಲೆಕೆಳಗಾಗಿ ಹಾಕಿರುತ್ತಾರೆ. ಹಲವು ಬೂಟ್‌ಗಳ ಮೇಲೆ ‘ಟಾಪ್’ ಎಂದು ಅಚ್ಚಾಗಿರುತ್ತದೆ, ಅದು ಮೇಲೆ ಬರಬೇಕು. ನೀರಿಳಿಯುವ ಚಿಕ್ಕ ಕಿಂಡಿ ಇದ್ದರೆ ಅದು ಕೆಳಗೆ. ಹತ್ತು ವರ್ಷದ ರಬ್ಬರ್ ಗಟ್ಟಿಯಾಗಿ ತುಟಿ ಬಿರಿದಿರುವುದೂ ಉಂಟು. ಬೆರಳಿನಿಂದ ಮಡಚಿ ನೋಡಿ, ಬಿರುಕು ಬಾಯಿ ತೆರೆಯುತ್ತದೆ. ತೋಟದ ಮನೆಗಳಲ್ಲಿ ನಿಲ್ಲಿಸುವ ಕಾರುಗಳಲ್ಲಿ ಇಲಿ ಕಡಿದ ಬೂಟ್‌ಗಳೂ ಅಪರೂಪವಲ್ಲ. ಅಸೆಂಬ್ಲಿಯ ಬೆಲೆಯ ಮುಂದೆ ಹೊಸ ಬೂಟಿನ ಬೆಲೆ ಏನೇನೂ ಅಲ್ಲ.

ಎರಡನೆಯದು ಪಾರ್ಕಿಂಗ್ ಮತ್ತು ಇಂಡಿಕೇಟರ್ ಬಲ್ಬುಗಳ ಹೋಲ್ಡರ್. ತಿರುಗಿಸಿ ಬಿಚ್ಚಿ, ಕುತ್ತಿಗೆಯಲ್ಲಿ ಓ-ರಿಂಗ್ (ರಬ್ಬರ್ ಉಂಗುರ) ಇದೆಯೇ ನೋಡಿ. ಬಲ್ಬ್ ಹಾಕುವಾಗ ಅದು ಕೆಳಗೆ ಬಿದ್ದು ಕಾಣೆಯಾಗಿರಬಹುದು, ಅಥವಾ ಚಪ್ಪಟೆಯಾಗಿ ಒತ್ತುವ ಗುಣ ಕಳೆದುಕೊಂಡಿರಬಹುದು. ಹೊಸದಕ್ಕೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಪೆಟ್ರೋಲಿಯಂ ಗ್ರೀಸ್ ಬೇಡ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬುತ್ತದೆ.

ಮೂರನೆಯದು ವೆಂಟ್. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಹಳೆಯ ಲೈಟುಗಳಲ್ಲಿ ಬಾಗಿದ ರಬ್ಬರ್ ನಳಿಕೆಗಳಿರುತ್ತವೆ, ಬಾಯಿ ಕೆಳಮುಖ. ಬಂಪರ್ ಬಿಚ್ಚಿ ಹಾಕುವಾಗ ಅದು ಕಳಚಿ ಬಿದ್ದಿದ್ದರೆ, ಉಳಿದ ತೂತಿಗೆ ಚಕ್ರ ಎರಚುವ ನೀರು ನೇರವಾಗಿ ಬಡಿಯುತ್ತದೆ. ಹೊಸ ಲೈಟುಗಳಲ್ಲಿ ನಾಣ್ಯದಂಥ ಸಣ್ಣ ಬಿಳಿ ಪೊರೆಯನ್ನು ಅಂಟಿಸಿರುತ್ತಾರೆ. ಅದು ಆವಿಯನ್ನು ಬಿಡುತ್ತದೆ, ನೀರನ್ನು ತಡೆಯುತ್ತದೆ. ಎಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ ತಾಗಿದರೆ ಆ ಗುಣ ಹೋಗುತ್ತದೆ.

ನಳಿಕೆ ಬಿದ್ದುಹೋದರೆ ಕೆಡುಕು, ಕಟ್ಟಿಕೊಂಡರೆ ಇನ್ನೂ ಕೆಡುಕು. ಕೆಂಪುಮಣ್ಣಿನ ಕೆಸರು ಒಣಗಿ ಬಾಯಿ ಮುಚ್ಚುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೂ ಇಂಥ ನಳಿಕೆ ಪ್ರಿಯ. ವೆಂಟ್ ಪೂರ್ತಿ ಮುಚ್ಚಿದ ಲೈಟ್ 60 ಡಿಗ್ರಿಯಿಂದ 25ಕ್ಕೆ ತಣಿದರೆ ಒಳಗಿನ ಒತ್ತಡ ಹತ್ತನೇ ಒಂದು ಪಾಲು ಇಳಿಯುತ್ತದೆ. ಒಂದು ಮೀಟರ್ ಎತ್ತರಕ್ಕೆ ನೀರನ್ನು ಎಳೆಯಲು ಸಾಕಾಗುವಷ್ಟು ಹೀರುವ ಬಲ ಅದು. ವೆಂಟ್‌ನಿಂದ ಗಾಳಿ ಸಿಗದಾಗ ಎಲ್ಲಿ ಸೀಲ್ ದುರ್ಬಲವೋ ಅಲ್ಲಿಂದ ಎಳೆಯುತ್ತದೆ, ಅಲ್ಲಿ ನೀರಿದ್ದರೆ ನೀರನ್ನೇ ಎಳೆಯುತ್ತದೆ. ಓಡಿಸಿ ಬಂದ ಬಿಸಿ ಲೈಟಿಗೆ ಕೂಡಲೇ ವಾಟರ್ ಸರ್ವಿಸ್ ಮಾಡಿಸಿದರೆ, ಅಥವಾ ರಸ್ತೆಯ ಮೇಲೆ ನಿಂತ ನೀರಿಗೆ ಕಾರು ಇಳಿಸಿದರೆ ನೀರು ತುಂಬುವುದು ಇದೇ ಕಾರಣಕ್ಕೆ. ಬಂಪರಿನ ಕೆಳಗಿರುವ ಫಾಗ್ ಲ್ಯಾಂಪ್‌ಗಳು ಹೆಚ್ಚಾಗಿ ಹಾಳಾಗುವುದೂ ಹೀಗೆಯೇ.

ಈ ಮೂರೂ ಸರಿಯಿದ್ದರೆ ಲೈಟನ್ನು ಹೊರತೆಗೆಯಬೇಕು. ಬ್ಯಾಟರಿಯ ನೆಗೆಟಿವ್ ಕಳಚಿ. ಬಹಳಷ್ಟು ಕಾರುಗಳಲ್ಲಿ ಬಂಪರ್ ಮುಂದಕ್ಕೆ ಬಂದ ಮೇಲೆ ಮೂರು ನಾಲ್ಕು ಬೋಲ್ಟ್ ಬಿಚ್ಚಿದರೆ ಲೈಟ್ ಕೈಗೆ ಬರುತ್ತದೆ. ನೀರು ಬಗ್ಗಿಸಿ ತೆಗೆಯಿರಿ. ಒಂದು ತೂತನ್ನು ಬಿಟ್ಟು ಮಿಕ್ಕ ಎಲ್ಲಕ್ಕೂ, ವೆಂಟ್ ಸೇರಿಸಿ, ಟೇಪ್ ಹಚ್ಚಿ. ಬಿಟ್ಟ ತೂತಿಗೆ ತೆಳು ಪ್ಲಾಸ್ಟಿಕ್ ಪೈಪ್ ಇಟ್ಟು ಸುತ್ತ ಟೇಪ್ ಸುತ್ತಿ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರಿನಲ್ಲಿ ಕಲಸಿ, ಲೆನ್ಸ್ ಮತ್ತು ಹಿಂಬದಿಯ ಕಪ್ಪು ಕವಚ ಕೂಡುವ ಅಂಚಿನುದ್ದಕ್ಕೂ ಬ್ರಶ್‌ನಿಂದ ಬಳಿಯಿರಿ. ಇನ್ನೊಬ್ಬರು ಪೈಪಿನಲ್ಲಿ ಬಾಯಿಯಿಂದ ಮೆಲ್ಲಗೆ ಊದಲಿ. ಗುಳ್ಳೆ ಏಳುವ ಜಾಗವೇ ಸೋರುವ ಜಾಗ. ಮಾರ್ಕರ್‌ನಿಂದ ಗುರುತು ಹಾಕಿ. ಗ್ಯಾರೇಜಿನ ಕಂಪ್ರೆಸರ್ ಗಾಳಿಯನ್ನು ಮಾತ್ರ ಬಿಡಬೇಡಿ, ಚೆನ್ನಾಗಿದ್ದ ಅಂಚೂ ಬಾಯಿ ಬಿಡುತ್ತದೆ. ಬೋಲ್ಟ್ ಕೂರುವ ಕಿವಿಗಳ ಬುಡವನ್ನೂ ಬಳಿದು ನೋಡಿ. ಸಣ್ಣ ಗುದ್ದಿಗೆ ಹೊರಗೆ ಏನೂ ಕಾಣದಿದ್ದರೂ ಕವಚ ಅಲ್ಲಿ ಕೂದಲೆಳೆಯಷ್ಟು ಸೀಳಿರುತ್ತದೆ.

ಒಣಗಿಸುವಾಗ ನಿಮ್ಮ ಊರಿನ ಹವೆ ನೆನಪಿರಲಿ. ಜುಲೈನಲ್ಲಿ ಕರಾವಳಿಯ ಗಾಳಿಗೆ ಬಿಟ್ಟರೆ ಏನೂ ಒಣಗದು. ಎಸಿ ಹಾಕಿದ ಕೋಣೆಯಲ್ಲಿ ಎಲ್ಲ ಮುಚ್ಚಳ ತೆಗೆದಿಟ್ಟು, ಅಕ್ವೇರಿಯಂನ ಸಣ್ಣ ಏರ್ ಪಂಪಿನ ಪೈಪನ್ನು ಒಂದು ತೂತಿನಲ್ಲಿಟ್ಟು ರಾತ್ರಿಯಿಡೀ ಬಿಡಿ. ಹೇರ್ ಡ್ರೈಯರ್ ಬಳಸುವುದಾದರೆ ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ, ಗಾಳಿ ಹೊರಹೋಗಲು ಇನ್ನೊಂದು ತೂತು ತೆರೆದಿರಬೇಕು. ಬಿಸಿಲಿದ್ದರೆ ಲೆನ್ಸ್ ಕೆಳಮುಖವಾಗಿಡಿ. ಲೆನ್ಸ್ ಸೂರ್ಯನ ಕಡೆಗಿದ್ದರೆ ಒಳಗಿನ ಪ್ರೊಜೆಕ್ಟರ್ ಮಸೂರ ಅಥವಾ ಕನ್ನಡಿಯಂಥ ರಿಫ್ಲೆಕ್ಟರ್ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ ಒಳಗಿನ ಪ್ಲಾಸ್ಟಿಕ್ ಕರಗಿಸಬಹುದು. ರಿಫ್ಲೆಕ್ಟರನ್ನು ಬಟ್ಟೆಯಿಂದ ಒರೆಸುವ ಆಸೆ ಬೇಡವೇ ಬೇಡ. ಒಳಗೆ ಕೆಸರು ಹೋಗಿದ್ದರೆ ಒಂದು ಲೋಟ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆ್ಯಸಿಡ್ ಅಲ್ಲ) ಹಾಕಿ ಕುಲುಕಿ ಚೆಲ್ಲಿ; ನಲ್ಲಿ ನೀರು ಬಿಳಿ ಕಲೆ ಬಿಡುತ್ತದೆ. ಒಳಗೆ ಸರ್ಕ್ಯೂಟ್ ಅಥವಾ ಮೋಟಾರ್ ಇರುವ ಲೈಟಿಗೆ ಹೀಗೆ ತೊಳೆಯುವಂತಿಲ್ಲ.

ಪ್ರಶ್ನೆ: ಹ್ಯಾಲೊಜನ್ ತೆಗೆದು ಫ್ಯಾನ್ ಇರುವ ಎಲ್‌ಇಡಿ ಬಲ್ಬ್ ಹಾಕಿಸಿದೆ. ಹಿಂದಿನ ರಬ್ಬರ್ ಮುಚ್ಚಳ ಕೂರಲಿಲ್ಲವೆಂದು ಅಂಗಡಿಯವರು ನಡುವೆ ಕತ್ತರಿಸಿದರು. ಈಗ ಸದಾ ಮಂಜು.
— ಓದುಗರು, ರಾಜಾಜಿನಗರ, ಬೆಂಗಳೂರು

ಕತ್ತರಿಸಿದ ಮುಚ್ಚಳ ಒಂದು ಕಾರಣ. ಎಂಜಿನ್ ಕೋಣೆಯ ಬಿಸಿ, ತೇವ, ಧೂಳು ಎಲ್ಲವೂ ಒಳಗೆ ಹೋಗುತ್ತಿವೆ. ಲೆನ್ಸ್ ಈಗ ಮೊದಲಿನಂತೆ ಬಿಸಿಯಾಗದಿರುವುದು ಎರಡನೆಯ ಕಾರಣ. ಒಳಗೆ ಬಂದ ತೇವವನ್ನು ಓಡಿಸುವ ಶಾಖವೇ ಇಲ್ಲ. ಹೊಸ ಬೂಟ್ ತಂದು ಕಂಪನಿ ಹೇಳಿದ ವಾಟ್‌ನ ಹ್ಯಾಲೊಜನ್ ಬಲ್ಬನ್ನೇ ಮರಳಿ ಹಾಕಿ ಎಂಬುದು ನಮ್ಮ ಸಲಹೆ. ಹ್ಯಾಲೊಜನ್ ತಂತಿಗಾಗಿ ರೂಪಿಸಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಚಿಪ್ ಸರಿಯಾದ ಜಾಗದಲ್ಲಿ ಕೂರದಿದ್ದರೆ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಮಂಜು ಕಟ್ಟಿದ ಲೆನ್ಸ್ ಅದನ್ನು ಇನ್ನಷ್ಟು ಚೆದುರಿಸುತ್ತದೆ. ಎಲ್‌ಇಡಿ ಉಳಿಸಿಕೊಳ್ಳುವುದೇ ಆದರೆ, ಬೂಟ್‌ನೊಳಗೇ ಹಿಡಿಯುವ ಗಿಡ್ಡ ಮಾದರಿಯನ್ನೋ ಆಳವಾದ ಮುಚ್ಚಳವನ್ನೋ ಹುಡುಕಬೇಕು. ಕತ್ತರಿಸಿದ ತೂತಿಗೆ ಇನ್ಸುಲೇಷನ್ ಟೇಪ್ ಸುತ್ತಿದರೆ ಎಂಜಿನ್ ಶಾಖಕ್ಕೆ ಅದರ ಅಂಟು ಬಿಡುತ್ತದೆ.

ಪ್ರಶ್ನೆ: ಸಿಲಿಕಾ ಜೆಲ್ ಪೊಟ್ಟಣವನ್ನು ಲೈಟಿನೊಳಗೆ ಹಾಕಿ ಮುಚ್ಚಿಬಿಟ್ಟರೆ ಸಾಕೇ?
— ಓದುಗರು, ಶಿರಸಿ

ಒಣಗಿಸಲು ಒಳ್ಳೆಯದು, ಒಳಗೇ ಬಿಡಲು ಅಲ್ಲ. 50 ಗ್ರಾಂ ಜೆಲ್ ತೇವದ ಹವೆಯಲ್ಲಿ ಸುಮಾರು 15 ಗ್ರಾಂ ನೀರು ಹಿಡಿದೀತು. ಸೋರುವ ಲೈಟಿಗೆ ಅದು ಒಂದು ಮಳೆಗೂ ಸಾಲದು, ಸೋರದ ಲೈಟೂ ದಿನಾ ಹೊಸ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ತುಂಬಿದ ಜೆಲ್, ದೀಪ ಬಿಸಿಯಾದಾಗ ನೀರನ್ನು ಮರಳಿ ಬಿಡುತ್ತದೆ. ಪೊಟ್ಟಣ ಉರುಳಿ ಹ್ಯಾಲೊಜನ್ ಬಲ್ಬಿಗೆ ತಾಗಿದರೆ ಸುಟ್ಟು ರಿಫ್ಲೆಕ್ಟರಿಗೆ ಹೊಗೆ ಹಿಡಿಯುತ್ತದೆ. ಬಲ್ಬ್ ತೆಗೆದು, ಪೊಟ್ಟಣಕ್ಕೆ ದಾರ ಕಟ್ಟಿ ಇಳಿಬಿಟ್ಟು, ಒಂದೆರಡು ದಿನದ ನಂತರ ಹೊರಗೆಳೆಯಿರಿ.

ಪ್ರಶ್ನೆ: ಗ್ಯಾರೇಜಿನಲ್ಲಿ ಲೈಟಿನ ಸುತ್ತ, ಹಿಂದಿನ ಸಣ್ಣ ತೂತುಗಳಿಗೂ ಸೇರಿಸಿ ಸಿಲಿಕೋನ್ ಹಚ್ಚಿಕೊಟ್ಟರು. ಮಂಜು ಮೊದಲಿಗಿಂತ ಹೆಚ್ಚಾಗಿದೆ. ಈಗ ಬಿಚ್ಚಿ ಸರಿಮಾಡಲು ಆಗುತ್ತದೆಯೇ?
— ಓದುಗರು, ಹಾಸನ

ಆ ಸಣ್ಣ ತೂತುಗಳೇ ವೆಂಟ್. ಮೊದಲು ಅಲ್ಲಿನ ಸಿಲಿಕೋನನ್ನು ಕಿತ್ತು ತೆಗೆಯಿರಿ. ಒಳಗೆ ಸೇರಿದ ತೇವಕ್ಕೆ ಈಗ ಹೊರದಾರಿ ಇಲ್ಲ, ಮೇಲೆ ಹೇಳಿದಂತೆ ಹೀರುವ ಒತ್ತಡವೂ ಹೆಚ್ಚಾಗಿದೆ. ಹಚ್ಚಿದಾಗ ವಿನೆಗರ್ ವಾಸನೆ ಬಂದಿದ್ದರೆ ಅದು ಅಸಿಟಿಕ್ ಬಗೆಯ ಸಿಲಿಕೋನ್. ಒಣಗುವಾಗ ಆಮ್ಲದ ಆವಿ ಬಿಡುತ್ತದೆ, ರಿಫ್ಲೆಕ್ಟರಿನ ಅಲ್ಯೂಮಿನಿಯಂ ಲೇಪಕ್ಕೂ ತಾಮ್ರದ ಪಿನ್‌ಗಳಿಗೂ ಅದು ಶತ್ರು.

ಅಂಚು ನಿಜವಾಗಿಯೂ ಸೋರುತ್ತಿದ್ದರೆ ಹಳೆಯ ಅಂಟಿನ ಮೇಲೆ ಹೊಸದನ್ನು ಬಳಿಯುವುದು ದುರಸ್ತಿಯಲ್ಲ, ಲೆನ್ಸ್ ಬಿಚ್ಚಬೇಕು. ಬಿಚ್ಚಲು ಬರುವುದು ಬ್ಯುಟೈಲ್ ಅಂಟಿನ ಲೈಟುಗಳು ಮಾತ್ರ. ಅಂಚಿನಲ್ಲಿ ಕಾಣುವ ಅಂಟನ್ನು ಉಗುರಿನಿಂದ ಒತ್ತಿ: ಕಪ್ಪಗೆ, ಜಿಗುಟಾಗಿ, ಎಳೆದರೆ ನೂಲಾಗಿ ಬಂದರೆ ಬ್ಯುಟೈಲ್. ಗಟ್ಟಿ ರಬ್ಬರಿನಂತೆ ಪುಟಿದರೆ ಪಾಲಿಯುರೆಥೇನ್ ಬಗೆ. ಬಿಸಿಗೆ ಮೆತ್ತಗಾಗದು, ಬಲವಂತ ಮಾಡಿದರೆ ಲೆನ್ಸ್ ಸೀಳುತ್ತದೆ.

ಬ್ಯುಟೈಲ್ ಆದರೆ ಸ್ಕ್ರೂ, ಕ್ಲಿಪ್, ಬಲ್ಬ್ ಎಲ್ಲ ತೆಗೆದು 90ರಿಂದ 100 ಡಿಗ್ರಿಯ ಅವನ್‌ನಲ್ಲಿ ಹತ್ತು ನಿಮಿಷ ಇಡಬೇಕು. ಅಡುಗೆಮನೆಯದು ಬೇಡ, ಈ ಕೆಲಸಕ್ಕೇ ಇಟ್ಟ ಅವನ್ ಇರುವ ಲೈಟ್ ರಿಪೇರಿಯವರ ಬಳಿ ಹೋಗಿ. ಹೀಟ್ ಗನ್ ಆದರೆ ಅಂಚಿನುದ್ದಕ್ಕೂ ಆಡಿಸುತ್ತಲೇ ಇರಬೇಕು, ಒಂದೇ ಕಡೆ ನಿಂತರೆ ಕವಚ ಸೊಟ್ಟಗಾಗುತ್ತದೆ. ಒಂದು ಮೂಲೆಯಿಂದ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ನಿಧಾನವಾಗಿ ಬಿಡಿಸಿ. ಲೆನ್ಸ್ ಅಂಚು ಕೂರುವ ಕಾಲುವೆಯಲ್ಲಿ ಉಳಿದ ಹಳೆಯ ಅಂಟು ಮತ್ತು ಸಿಲಿಕೋನ್‌ನ ಪ್ರತಿ ಚೂರನ್ನೂ ತೆಗೆಯಬೇಕು, ಏಕೆಂದರೆ ಸಿಲಿಕೋನ್ ಪಸೆ ಇರುವ ಕಡೆ ಬ್ಯುಟೈಲ್ ಹಿಡಿಯುವುದಿಲ್ಲ. ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ಥಿನ್ನರ್, ಅಸಿಟೋನ್, ಪೆಟ್ರೋಲ್ ತಾಗಿದರೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ನ ಲೆನ್ಸಿನ ಮೈಯೆಲ್ಲ ಸಣ್ಣ ಬಿರುಕು ಮೂಡುತ್ತದೆ.

ಹೊಸ ಬ್ಯುಟೈಲ್ ಹುರಿಯನ್ನು ತುಂಡಿಲ್ಲದೆ ಒಂದೇ ಸುತ್ತಾಗಿ ಕಾಲುವೆಗೆ ಕೂರಿಸಿ, ತುದಿಗಳು ಒಂದಿಂಚು ಒಂದರ ಮೇಲೊಂದು ಬರಲಿ. ಹುರಿಯನ್ನು ಎಳೆದು ತೆಳ್ಳಗೆ ಮಾಡಬೇಡಿ, ಸೋರುವುದು ಅಲ್ಲೇ. ಮತ್ತೆ ಬಿಸಿಮಾಡಿ, ಕ್ಲ್ಯಾಂಪ್ ಹಾಕಿ ಸುತ್ತಲೂ ಸಮನಾಗಿ ಒತ್ತಿ, ತಣ್ಣಗಾಗುವವರೆಗೆ ಹಾಗೇ ಬಿಡಿ. ಆಮೇಲೆ ಸಾಬೂನು ನೀರಿನ ಪರೀಕ್ಷೆ. ಕಾರಿಗೆ ಹಾಕುವ ಮುನ್ನ ಇದನ್ನು ಮಾಡದ ರಿಪೇರಿಯವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ತಳದಲ್ಲಿ ಸಣ್ಣ ತೂತು ಕೊರೆದರೆ ನೀರು ತಾನೇ ಇಳಿದು ಹೋಗುವುದಿಲ್ಲವೇ?
— ಓದುಗರು, ದಾವಣಗೆರೆ

ನೀರು ಇಳಿಯುತ್ತದೆ, ಧೂಳು ಮತ್ತು ಎರಚುವ ಕೆಸರು ಹತ್ತುತ್ತವೆ. ಬಂದ ದಾರಿ ಹಾಗೇ ಉಳಿಯುತ್ತದೆ. ಬೇಡ.

ಪ್ರಶ್ನೆ: ನೀರು ನಿಲ್ಲುವುದು ಸರಿಯಾಯಿತು. ಆದರೆ ರಿಫ್ಲೆಕ್ಟರ್ ಕೆಳಭಾಗ ಹಾಲಿನಂತೆ ಬಿಳುಚಿಕೊಂಡಿದೆ, ಬೆಳಕೂ ಮಂದ. ಕ್ರೋಮ್ ಸ್ಪ್ರೇ ಹೊಡೆಸಬಹುದೇ?
— ಓದುಗರು, ಸುರತ್ಕಲ್

ಸ್ಪ್ರೇ ಹೊಡೆದರೆ ಹೊಳೆದಂತೆ ಕಾಣುತ್ತದೆ, ಆದರೆ ಬೆಳಕನ್ನು ಕನ್ನಡಿಯಂತೆ ತಿರುಗಿಸುವುದಿಲ್ಲ. ಕಾರ್ಖಾನೆಯಲ್ಲಿ ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿಯನ್ನು ಅತಿ ತೆಳುವಾಗಿ ಕೂರಿಸಿ ಆ ಕನ್ನಡಿ ಮಾಡಿರುತ್ತಾರೆ. ದೀಪದ ಬಿಸಿಗೆ ಸ್ಪ್ರೇಯ ಬಣ್ಣ ಬಿಡುವ ಆವಿ ಲೆನ್ಸಿನ ಒಳಮೈಗೂ ಅಂಟುತ್ತದೆ. ಲೇಪ ಎದ್ದಿದ್ದರೆ ಅಸೆಂಬ್ಲಿ ಬದಲಿಸುವುದೇ ಸರಿ.

ಆದರೆ ಅದಕ್ಕೆ ಮೊದಲು ಕಪ್ಲರ್ (ಬಲ್ಬಿಗೆ ವೈರು ಕೂಡಿಸುವ ಪ್ಲಗ್) ನೋಡಿ. ಕಡಲ ಬದಿಯ ಊರುಗಳಲ್ಲಿ ನೀರು ಸೇರಿದ ಲೈಟಿನ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಎಂಜಿನ್ ಚಾಲೂ ಇಟ್ಟು, ಲೋ ಬೀಮ್ ಉರಿಯುತ್ತಿರುವಾಗಲೇ, ಬ್ಯಾಟರಿಯ ವೋಲ್ಟೇಜನ್ನೂ ಬಲ್ಬಿನ ಪಿನ್‌ಗಳ ನಡುವಿನ ವೋಲ್ಟೇಜನ್ನೂ ಮಲ್ಟಿಮೀಟರಿನಲ್ಲಿ ಅಳೆಯಿರಿ. ಅರ್ಧ ವೋಲ್ಟಿಗಿಂತ ಬಹಳ ಹೆಚ್ಚು ವ್ಯತ್ಯಾಸವಿದ್ದರೆ ಕಪ್ಲರ್ ಅಥವಾ ಅರ್ಥ್ ವೈರು ಕೆಟ್ಟಿದೆ. ಹ್ಯಾಲೊಜನ್‌ಗೆ ಶೇ 10ರಷ್ಟು ವೋಲ್ಟೇಜ್ ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಮಂದ ಬೆಳಕಿಗೆ ರಿಫ್ಲೆಕ್ಟರ್ ಒಂದೇ ಕಾರಣವಾಗಿರಬೇಕಿಲ್ಲ.

ಪ್ರಶ್ನೆ: ಹಳೆಯ ಜೀಪಿನ ದುಂಡು ಗಾಜಿನ ದೀಪಗಳಿಗೆ ಈ ಕಾಟ ಇರಲಿಲ್ಲವಲ್ಲ. ಈಗೇಕೆ ಪೂರ್ತಿ ಸೀಲ್ ಮಾಡುವುದಿಲ್ಲ?
— ಓದುಗರು, ಸಕಲೇಶಪುರ

ಸೀಲ್ಡ್ ಬೀಮ್ ದೀಪದಲ್ಲಿ ಗಾಜು, ರಿಫ್ಲೆಕ್ಟರ್, ತಂತಿ ಮೂರೂ ಒಂದೇ ಮುಚ್ಚಿದ ಬುರುಡೆ. ಅಮೆರಿಕದಲ್ಲಿ 1940ರಿಂದ ಅದೇ ಮಾದರಿ ಕಡ್ಡಾಯವಾಗಿತ್ತು, 1983ರಲ್ಲಷ್ಟೇ ಬಲ್ಬ್ ಬದಲಿಸುವ ದೀಪಗಳಿಗೆ ಅಲ್ಲಿ ಅನುಮತಿ ಸಿಕ್ಕಿತು. ತಂತಿ ಸುಟ್ಟರೆ ಇಡೀ ದೀಪ ಎಸೆಯಬೇಕಿತ್ತು. ಈಗಿನ ಲೈಟ್ ಕಾರಿನ ಆಕಾರಕ್ಕೆ ತಕ್ಕಂತೆ ಎರಕ ಹೊಯ್ದ ಪ್ಲಾಸ್ಟಿಕ್. ಉರಿದಾಗ ಹಿಗ್ಗುವ, ಆರಿದಾಗ ಕುಗ್ಗುವ ಗಾಳಿಯ ಒತ್ತಡವನ್ನು ಅಂಟಿಸಿದ ಅಂಚು ವರ್ಷಗಟ್ಟಲೆ ತಡೆಯಲಾರದು. ಏಳಿಂಚಿನ ದುಂಡು ದೀಪದಲ್ಲೂ ಎಚ್4 ಬಲ್ಬ್ ಹಾಕುವ ಬಗೆಯಾದರೆ ನೀರು ಬರುತ್ತದೆ, ಹಿಂದಿನ ಬೂಟಿನಿಂದ.

ಪ್ರಶ್ನೆ: ಇದಕ್ಕೆ ವಿಮೆ ಸಿಗುತ್ತದೆಯೇ? ಲೈಟ್ ಬಿಚ್ಚಿ ಹಾಕಿದ ಮೇಲೆ ಬೆಳಕು ಮೇಲಕ್ಕೆ ಬೀಳುತ್ತಿದೆ, ಹೊಂದಿಸುವುದು ಹೇಗೆ?
— ಓದುಗರು, ಮೈಸೂರು

ಹಳತಾಗಿ ಸೋರಿದ್ದಕ್ಕೆ ಸಿಗುವುದಿಲ್ಲ. ಗುದ್ದಿನಿಂದ ಸೀಳಿದ್ದರೆ ಸಿಗುತ್ತದೆ, ಆದರೆ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. ಝೀರೊ ಡೆಪ್ರಿಸಿಯೇಷನ್ ಇದ್ದರೆ ಆ ಕಡಿತ ಇಲ್ಲ.

ಹೊಂದಿಸಲು ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ 10 ಮೀಟರ್ ದೂರಕ್ಕೆ ಕಾರು ನಿಲ್ಲಿಸಿ. ಟೈರ್ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಲಿ, ಕಾರಿನೊಳಗಿನ, ಬೆಳಕನ್ನು ಮೇಲೆ ಕೆಳಗೆ ಮಾಡುವ ಲೆವೆಲಿಂಗ್ ಗುಂಡಿ ಸೊನ್ನೆಯಲ್ಲಿರಲಿ. ನೆಲದಿಂದ ಲೈಟಿನ ನಡುಭಾಗದ ಎತ್ತರ ಅಳೆದು ಗೋಡೆಯ ಮೇಲೆ ಗೆರೆ ಎಳೆಯಿರಿ, ಅದರ ಕೆಳಗೆ 10 ಸೆಂಟಿಮೀಟರಿಗೆ ಇನ್ನೊಂದು. ಲೋ ಬೀಮಿನ ಮೇಲಂಚು ಕೆಳಗಿನ ಗೆರೆಗೆ ಬರುವಂತೆ ಹಿಂದಿನ ಸ್ಕ್ರೂ ತಿರುಗಿಸಿ. ಇದು ಶೇ 1ರ ಇಳಿಜಾರಿನ ಲೆಕ್ಕ. ನಿಮ್ಮ ಲೈಟಿನ ಮೇಲೆ ಅಥವಾ ಬಾನೆಟ್ ಒಳಗಿನ ಚೀಟಿಯಲ್ಲಿ ಶೇ 1.2, 1.3 ಎಂದಿದ್ದರೆ 12 ಅಥವಾ 13 ಸೆಂಟಿಮೀಟರ್ ಇಳಿಸಿ. ಸ್ಕ್ರೂ ತಿರುಗಿದರೂ ಬೆಳಕು ಅಲುಗದಿದ್ದರೆ, ಜೋಡಿಸುವಾಗ ಅದರ ತುದಿಯ ಗುಂಡು ರಿಫ್ಲೆಕ್ಟರಿನ ಗೂಡಿಗೆ ಕೂತಿಲ್ಲ. ಲೈಟನ್ನು ಮತ್ತೆ ಹೊರತೆಗೆಯಬೇಕಾಗುತ್ತದೆ.